ಸುಗುಣಾ ಮೇಡಂ ತೂಗಿದ ನಕ್ಷತ್ರ

ನನ್ನ ಬೋಳುತಲೆಗೆ ಟಾರ್ಚ್ ಬಿಟ್ಟು ವಿಜ್ಞಾನ ಹೇಳಿದವರು ಸುಗುಣಾ ಮೇಡಂ ಒಬ್ಬರೇ. ಅದೂ ತುಂಬಿದ ಬಸ್ಸಿನಲ್ಲಿ. ಅವರು ಉಜಿರೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ನಾನು ಅಲ್ಲಿಯೇ ಕನ್ನಡ ಮೇಷ್ಟ್ರು. ತೋಡಾರಿನಿಂದ ಬಂದ ಅವರು ಮೂಡುಬಿದಿರೆಯಲ್ಲಿ ನನ್ನ ಜೊತೆಯಾಗುತ್ತಿದ್ದರು. ಮನೆಯ ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ನಾನು ಬೆಳ್ತಂಗಡಿವರೆಗೂ ಬೆವರುತ್ತಿದ್ದೆ. ಅವರಿಗೆ ಚಿಂತೆ ಒಂದೇ, ಅದು ಆಕಾಶದಲ್ಲಿತ್ತು.

"ಉರಿದು ಮುಗಿದು ಕುಗ್ಗಿದ ನಕ್ಷತ್ರ ಸರ್, ಶ್ವೇತಕುಬ್ಜ. ಪಕ್ಕದ ನಕ್ಷತ್ರದ ಅನಿಲವನ್ನು ಎಳೆದುಕೊಳ್ತದೆ. ಇದು ದೊಡ್ಡ ಅಯಸ್ಕಾಂತ, ಹಾಗಾಗಿ ಅನಿಲ ಧ್ರುವದ ಮೇಲೆಯೇ ಸುರಿಯುವುದು. ಕುಬ್ಜನ ಮೈ ಮುಟ್ಟುವ ಮೊದಲೇ ಕಾದು ಎಕ್ಸ್-ರೇ ಬಿಡ್ತದೆ. ಕುಬ್ಜ ಭಾರ ಇದ್ದಷ್ಟೂ ಅನಿಲ ಹೆಚ್ಚು ಕಾಯ್ತದೆ. ಎಷ್ಟು ಕಾದಿದೆ ಅಂತ ತಿಳಿದರೆ ಕುಬ್ಜನ ತೂಕ ಸಿಕ್ಕಿತು."

ಟಾರ್ಚ್ ಹೊರಬಂದದ್ದು ಆಗ. "ಸ್ವಲ್ಪ ಕಿರಣ ಕುಬ್ಜನ ಮೈಗೆ ಬಡಿದು ವಾಪಸು ಬರ್ತದೆ, ನಿಮ್ಮ ತಲೆಯಿಂದ ಬಂದ ಹಾಗೆ. ಅದು ಏನು ಮಹಾ? ಲೆಕ್ಕಕ್ಕೆ ಹಿಡಿಯುವುದು ಬೇಡ."

ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ನಕ್ಕೆ, ಬೇರೆ ಉಪಾಯ ಇರಲಿಲ್ಲ.

ಅವರ ನಕ್ಷತ್ರ ವಿಪರೀತ ಭಾರ ಬಂತು. ಅವರು ಬರೆಯುತ್ತಿದ್ದ ಪಿಎಚ್.ಡಿ. ಪ್ರಬಂಧದ ಹೆಗ್ಗಳಿಕೆಯೇ ಅದು. ಪಿಎಚ್.ಡಿ. ಆಗದಿದ್ದರೆ ಕೆಲಸ ಇಲ್ಲ ಎಂದು ಆಡಳಿತದವರು ಹೇಳಿಯಾಗಿತ್ತು. ವಿಶ್ವವಿದ್ಯಾಲಯ ಕೊಟ್ಟ ಕೊನೆಯ ಗಡುವೂ ಹತ್ತಿರವಾಗಿತ್ತು. ಒಂದು ಬೆಳಿಗ್ಗೆ ಅವರು ಬಿಳಿಚಿಕೊಂಡು ಬಸ್ ಹತ್ತಿದರು.

"ಹೋಯ್ತು ಸರ್. ಬಡಿದು ಬರುವ ಕಿರಣ ಸ್ವಲ್ಪ ಅಲ್ಲ. ಅದನ್ನು ಬಿಟ್ಟದ್ದಕ್ಕೇ ಅನಿಲ ಇದ್ದದ್ದಕ್ಕಿಂತ ಬಿಸಿ ಕಂಡದ್ದು."

"ಗೈಡ್ ಏನು ಹೇಳ್ತಾರೆ?"

"ಹಾಗೆಯೇ ಕೊಡಿ, ಯಾರೂ ನೋಡುವುದಿಲ್ಲ ಅಂತ."

"ಕೊಡಿ ಮಾರಾಯ್ರೆ!" ಎಂದೆ. "ಮೊದಲು ಕೆಲಸ ಉಳಿಯಲಿ. ಮತ್ತೆ ತಿದ್ದುವ."

"ಅದು ಅಷ್ಟು ಭಾರ ಇಲ್ಲ ಸರ್. ಇಲ್ಲದ ಭಾರ ಉಂಟು ಅಂತ ನಾನು ಸಹಿ ಹಾಕುವುದಾ?"

ಲೆಕ್ಕವನ್ನು ಮೊದಲಿನಿಂದ ಶುರು ಮಾಡಿದರು. ಸ್ಟಾಫ್ ರೂಮಿನಲ್ಲಿ ಊಟದ ಬುತ್ತಿ ತೆರೆಯದೆ ಕೂತಿರುತ್ತಿದ್ದರು. ಮಾತಾಡಿಸಿದರೆ ಕಣ್ಣು ತುಂಬಿಕೊಳ್ಳುತ್ತಿತ್ತು. ಲೆಕ್ಕ ಮುಗಿಯಲಿಲ್ಲ, ಗಡುವು ಮುಗಿಯಿತು. ಮುಂದಿನ ವರ್ಷದ ವೇಳಾಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ.

ಕೊನೆಗೆ ಕಂಡದ್ದು ಬಂಟ್ವಾಳದ ಬಸ್ ಸ್ಟ್ಯಾಂಡಿನಲ್ಲಿ. ಅಲ್ಲೇ ಎಲ್ಲೋ ಟ್ಯೂಷನ್ ಹೇಳುತ್ತಿದ್ದರಂತೆ. ತೀರಾ ಸೋತುಹೋಗಿದ್ದರು. ನಕ್ಷತ್ರದ ವಿಷಯ ಕೇಳಿದೆ.

"ಸರಿಯಾಗಿ ಕೂತಿತು ಸರ್. ಸಾಧಾರಣ ತೂಕ. ಎಲ್ಲ ಕುಬ್ಜರ ಹಾಗೆಯೇ."

"ಯಾರಿಗೆ ತೋರಿಸಿದ್ರಿ?"

"ಯಾರಿಗೆ ತೋರಿಸಲಿ?" ಎಂದವರು, ತಡೆದು ಮೊಬೈಲ್ ತೆಗೆದರು. ಗ್ರಾಫಿನ ಒಂದು ಗೆರೆ, ಅದರಲ್ಲೊಂದು ಸಣ್ಣ ಮೊನೆ. "ಇದು ಕುಬ್ಜನ ಮೈಯಲ್ಲಿರುವ ಕಬ್ಬಿಣದ್ದು. ಕಿರಣ ಬಡಿದು ಬಂದ ಗುರುತು."

"ಚಂದ ಉಂಟು," ಎಂದೆ.

"ನಿಮಗೆ ಅರ್ಥ ಆಗಲಿಲ್ಲ ಸರ್. ಸುಮ್ಮನೆ ಹೇಳಬೇಡಿ."

ಆಗಲಿಲ್ಲ ಎಂದು ಒಪ್ಪಿಕೊಂಡೆ. ಅವರು ಮುಖ ಒರೆಸಿಕೊಂಡು, ಮೊದಲಿನಿಂದ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅವರ ಬಸ್ ಬಂತು.