ಬ್ರೂಕ್‌ಫೀಲ್ಡಿಗೆ ಹೋಗಿ ಬಂದ ಬ್ಯಾಂಜೋ

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಲಗ್ಗೆರೆಯ ರೂಮಿನಿಂದ ಹೊರಟೆ. ಹೆಗಲ ಮೇಲೆ ಅಕ್ಕಿಚೀಲ, ಅದರೊಳಗೆ ನಾನೇ ಮಾಡಿದ, ಚರ್ಮ ಬಿಗಿದ ತಂತಿವಾದ್ಯ ಬ್ಯಾಂಜೋ. ಪೀಣ್ಯದಲ್ಲಿ ನಾನು ಲೇತ್ ಆಪರೇಟರ್, ಊರು ಹಾವೇರಿ ಕಡೆ. ಬ್ರೂಕ್‌ಫೀಲ್ಡಿನಲ್ಲಿ ಗಿಟಾರ್ ನುಡಿಸುವ ಕಾರ್ತಿಕ್ ಒಮ್ಮೆ ನಮ್ಮ ಕಾರ್ಖಾನೆಯ ಶೆಡ್ಡಿಗೆ ಬಂದಿದ್ದ. ನಮ್ಮಪ್ಪ ಬಡಿಯುವ ಚರ್ಮವಾದ್ಯ ಹಲಗೆ ಮಾಡುತ್ತಿದ್ದ ಎಂದು ಕೇಳಿ ಕುಣಿದಾಡಿಬಿಟ್ಟ.

"ಅಮೆರಿಕದಲ್ಲಿ ಕಪ್ಪು ಗುಲಾಮರು ಮಾಡ್ಕೊಳ್ತಿದ್ರಲ್ಲ, ಅಂಥದ್ದೇ ಬೇಕು ಅಣ್ಣ. ಚರ್ಮ ಬಿಗಿಯೋ ತಿರುಪು ಬೇಡ, ಮೇಕೆ ಚರ್ಮ, ಮೊಳೆ ಅಷ್ಟೇ. ಕೆಫೇಲಿ ಅವ್ರದ್ದೇ ಬ್ಲೂಸ್ ಹಾಡಿನ ಪ್ರೋಗ್ರಾಮ್, ಮೊದಲ್ನೇ ಹಾಡು ಅದ್ರಲ್ಲೇ!"

ಎರಡು ತಿಂಗಳು ಶೆಡ್ಡಿನ ಹಿಂದೆ ಚರ್ಮ ಹದ ಮಾಡಿದೆ. ರೂಮಿನಲ್ಲಿ ಒಣಹಾಕಿದರೆ ಓನರು ಜಾತಿ ಕೆದಕುತ್ತಾನೆ. ಆ ಒಂದು ಹಾಡನ್ನು ಜನರ ನಡುವೆ ಕೂತು ಕೇಳಬೇಕು, ಅಷ್ಟೇ ನನ್ನ ಆಸೆ.

ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಬದಲಿಸಿ ಕುಂದಲಹಳ್ಳಿಯಲ್ಲಿ ಇಳಿದೆ. ತೊಂಬತ್ತು ರೂಪಾಯಿ, ಒಂದೂವರೆ ಗಂಟೆ. ಇಳಿದದ್ದೇ ತಡ, ಮಳೆ ಬಡಿಯಿತು. ಚೀಲವನ್ನು ಅವುಚಿಕೊಂಡು ಓಡಿದರೂ ಚರ್ಮ ತೇವ ಕುಡಿದೇ ಬಿಟ್ಟಿತ್ತು. ಕೆಫೆಯಲ್ಲಿ ಕಾರ್ತಿಕ್ ಮೀಟಿದ, ಧಬ್ ಎಂದಿತು.

"ಐದು ನಿಮಿಷ ಬೆಂಕಿಗೆ ಹಿಡದ್ರ ಸರಿ ಹೋಗತೈತ್ರೀ, ಹಲಗಿನೂ ಹಂಗ ಕಾಸತೀವಿ," ಎಂದೆ.

"ಬೆಂಕಿ ಗಿಂಕಿ ಇಲ್ಲಿ ಆಗಲ್ಲ ಕಣ್ರೀ, ಅಲಾರ್ಮ್ ಹೊಡ್ಕೊಳತ್ತೆ," ಎಂದಳು ಮ್ಯಾನೇಜರ್.

ಎದುರಿನ ಟೀ ಅಂಗಡಿಗೆ ಓಡಿದೆ. ಅಂಗಡಿಯಾಕೆ ಪಾತ್ರೆ ಇಳಿಸಿ, "ಇಡ್ಕೋ ಅಣ್ಣ, ಸುಟ್ಕೋಬೇಡ," ಎಂದು ಸ್ಟೌ ಬಿಟ್ಟುಕೊಟ್ಟಳು. ಚರ್ಮ ಬಿಗಿಯಿತು. ಬೆರಳು ತಾಗಿಸಿದೆ, ಖಣ್ ಎಂದಿತು. ನನ್ನ ಕಣ್ಣು ತುಂಬಿತು.

ವಾಪಸು ಬಂದರೆ ಬಾಗಿಲಲ್ಲಿ ಸೆಕ್ಯುರಿಟಿ. "ಶುರುವಾಯ್ತು. ಟಿಕೆಟ್ ಎಲ್ಲಿ?" ಒಳಗೆ ಕಾರ್ತಿಕ್ ಗಿಟಾರ್ ಹಿಡಿದು ಮೈಕಿನಲ್ಲಿ ಹೇಳುತ್ತಿದ್ದ: ಬ್ಲೂಸ್‌ಗೂ ಮೊದಲು ಬ್ಯಾಂಜೋ ಇತ್ತಂತೆ. ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಅದನ್ನೇ ನುಡಿಸಿ ಕಪ್ಪು ಜನರನ್ನು ಅಣಕಿಸಿದರಂತೆ. ಕೊನೆಗೆ ಮಾಡಿದವರ ಕೈಯಿಂದಲೇ ಅದು ಜಾರಿತಂತೆ. ಜನ ಅಯ್ಯೋ ಎಂದು ಚಪ್ಪಾಳೆ ತಟ್ಟಿದರು. ಥೂ, ನಾನು ಗಾಜಿನ ಹೊರಗೆ ನಿಂತಿದ್ದೆ!

ಮುಗಿದ ಮೇಲೆ ಕಾರ್ತಿಕ್ ಹೊರಬಂದ. "ಸಾರಿ ಅಣ್ಣ, ಕಾಯಕ್ಕಾಗ್ಲಿಲ್ಲ. ಇದನ್ನ ಗೋಡೆಗೆ ಹಾಕ್ತೀವಿ, ಜನ ಫೋಟೋ ತಗೋತಾರೆ."

"ಗ್ವಾಡಿಗೆ ಹಾಕಾಕ ನಾ ಗಡಿಯಾರ ಮಾಡೀನೇನು?" ಎಂದು ಚೀಲಕ್ಕೆ ತುಂಬಿಕೊಂಡು ನಡೆದೆ.

ಮೆಟ್ರೊದಲ್ಲಿ ಕೂರುವಾಗ ಚೀಲ ಸೀಟಿಗೆ ತಾಗಿ ತಂತಿ ಮಿಡಿಯಿತು. ಎದುರಿಗಿದ್ದ ಮುದುಕ ಮುಂದಕ್ಕೆ ಬಾಗಿದ. "ಏನ್ ಚೆಂದ ಐತೆ ಸ್ವರ! ಒಂದು ಹಾಡು ಬಾರ್ಸಪ್ಪ."

"ನನಗ ಮಾಡಾಕಷ್ಟ ಬರತೈತಿ ಅಜ್ಜಾ, ಬಾರಸಾಕ ಬರಂಗಿಲ್ಲ," ಎಂದೆ.