ಗಾಡಿಗೆ ದಿಂಬಿಡುವ ಮಿತ್ವಲ್ಲಿ

ನೈಲ್ ನದಿ ಕಡಲು ಸೇರುವ ಅಜ್ಬತ್ ಅಲ್-ಬುರ್ಜ್‌ನಲ್ಲಿ ಬೆಳಗಿನ ಬಾಂಗು ಈಗಷ್ಟೇ ಮುಗಿದಿದೆ. ದೋಣಿಗಳು ದಡ ಸೇರಿವೆ. ಮೀನಿನ ಹರಾಜುಕಟ್ಟೆಯ ಹಿಂದೆ, ತಗಡಿನ ಮಾಡಿನ ಮುಂದೆ, ಊರವರು ಉಸ್ತಾ, ಅಂದರೆ ಮೇಸ್ತ್ರಿ, ಎಂದು ಕರೆಯುವ ಮಿತ್ವಲ್ಲಿ ಒಂದು ವ್ಯಾನಿನ ಹಿಂದಿನ ಚಕ್ರದೆದುರು ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಟೈರು ಪಂಕ್ಚರ್. ಜಾಕಿ ಏರಿಸಿಯಾಗಿದೆ, ನಟ್ಟುಗಳನ್ನೆಲ್ಲ ಬಿಚ್ಚಿಯಾಗಿದೆ. ಚಕ್ರ ಮಾತ್ರ ಕದಲುತ್ತಿಲ್ಲ.

ಮೀನಿನ ಗಾಡಿಗಳ ಹಣೆಬರಹವೇ ಇದು. ಐಸು ಕರಗಿದ ಉಪ್ಪುನೀರು ದಾರಿಯುದ್ದಕ್ಕೂ ಹಿಂದಿನ ಚಕ್ರದ ಮೇಲೆ ಸೋರುತ್ತದೆ. ತುಕ್ಕು ಹಿಡಿದು, ಚಕ್ರವೂ ಅದು ಕೂರುವ ತಟ್ಟೆಯೂ ಒಂದೇ ಕಬ್ಬಿಣವಾಗಿಬಿಡುತ್ತವೆ. ಅಂಥ ಚಕ್ರಗಳನ್ನು ಬಿಡಿಸುವುದರಲ್ಲೇ ಮಿತ್ವಲ್ಲಿಯವರ ತಲೆ ನೆರೆತಿದೆ. ದಿನಕ್ಕೆ ಏಳೆಂಟು ಬರುತ್ತವೆ. ಚಳಿಗಾಲದಲ್ಲಿ ಇನ್ನೂ ಹೆಚ್ಚು.

ಯಾವ ಗಾಡಿಯೇ ಬರಲಿ, ನಟ್ಟಿಗೆ ಪಾನಾ ಹಾಕುವ ಮೊದಲು ಅವರು ಒಂದು ಕೆಲಸ ಮಾಡುತ್ತಾರೆ. ಸ್ಟೆಪ್ನಿ ಚಕ್ರವನ್ನು ಗಾಡಿಯ ತಳದ ಚೌಕಟ್ಟಾದ ಚಾಸಿಯ ಕೆಳಗೆ ಅಡ್ಡ ಮಲಗಿಸುತ್ತಾರೆ. ಊರಿನ ಚಾಲಕರಿಗೆಲ್ಲ ಅದೊಂದು ತಮಾಷೆ.

"ನೋಡ್ರಪ್ಪಾ, ನನ್ನ ಗಾಡಿಗೆ ಉಸ್ತಾ ದಿಂಬು ಇಟ್ಟಿದಾರೆ," ಎನ್ನುತ್ತಾನೆ ವ್ಯಾನಿನ ಯಜಮಾನ ಫಿಕ್ರಿ. "ಒಂದು ಕಂಬಳಿ ಹೊದಿಸಿದ್ರೆ ಗೊರಕೇನೂ ಹೊಡೆಯತ್ತೆ."

"ನಿನ್ನ ಬಾಯಿಗೂ ಒಂದು ದಿಂಬು ತುರುಕ್ತೀನಿ, ತಾಳು."

"ತಾಳು ತಾಳು ಅಂತ ಕೂತ್ರೆ ಹರಾಜಲ್ಲಿ ನಂಗೆ ಉಳಿಯೋದು ಬೆಕ್ಕಿಗೆ ಹಾಕೋ ಮೀನು. ಒಳಗಿಂದ ಜಾಡಿಸಿ ಒಂದು ಒದ್ರೆ ಬಿಟ್ಕೊಳ್ಳತ್ತೆ ಉಸ್ತಾ."

"ಜಾಕಿ ಮೇಲಿರೋ ಗಾಡಿ ಕೆಳಗೆ ಯಾರೂ ಹೋಗೋ ಹಾಗಿಲ್ಲ."

ಫಿಕ್ರಿ ವ್ಯಾನಿನ ಬಾಗಿಲು ತಟ್ಟುತ್ತಾನೆ. ಕೊಂಡ ದಿನ, ಗಾಡಿಗೆ ಕೇಡು ತಟ್ಟದಿರಲೆಂದು ಕುರಿ ಕೊಯ್ದು, ರಕ್ತದಲ್ಲಿ ಅದ್ದಿದ ಅಂಗೈಯನ್ನು ಅಲ್ಲಿ ಒತ್ತಿದ್ದ. ಗುರುತು ಮಾಸಿದ್ದರೂ ಐದು ಬೆರಳೂ ಕಾಣುತ್ತವೆ. "ಇದು ಇರೋವಾಗ ಏನಾಗತ್ತೆ?"

"ಕುರೀನ ಬಾಗಿಲಿಗೆ ಕೊಟ್ಟೆ. ಜಾಕಿಗೆ ಏನು ಕೊಟ್ಟಿದೀಯ?"

ಸುತ್ತ ನಿಂತವರು ನಗುತ್ತಾರೆ. ಮಿತ್ವಲ್ಲಿ ತುಕ್ಕಿನ ಸಂದಿಗೆ ಬಿಡಲು ಎಣ್ಣೆ ತರಲೆಂದು ಮಾಡಿನೊಳಗೆ ಹೋಗುತ್ತಾರೆ.

ಹೊರಗೆ ಬರುವಾಗ ಫಿಕ್ರಿ ಕಾಣುವುದಿಲ್ಲ. ಗಾಡಿಯ ಕೆಳಗಿಂದ ಒದೆಯುವ ಸದ್ದು. ಇನ್ನೊಂದು ಸದ್ದು. ಮೀನಿನ ನೀರು ಬಿದ್ದು ಜಾರುವ ನೆಲದಲ್ಲಿ ಜಾಕಿ ವಾಲುತ್ತದೆ. ವ್ಯಾನು ಕೂತುಬಿಡುತ್ತದೆ.

ದೊಡ್ಡ ಸದ್ದೇನೂ ಆಗುವುದಿಲ್ಲ. ರಬ್ಬರು ಉಸಿರುಗಟ್ಟಿದಂಥ ಸದ್ದು, ಅಷ್ಟೆ.

ಯಾರೂ ಅಲುಗುವುದಿಲ್ಲ. ಕಟ್ಟೆಯ ಆಚೆ ಹರಾಜು ಕೂಗುವವನ ದನಿ ಹಾಗೇ ಸಾಗಿದೆ. ಮಿತ್ವಲ್ಲಿಯವರ ಕೈಯ ಡಬ್ಬಿ ವಾಲಿ ಎಣ್ಣೆ ಅವರ ಪಾದದ ಮೇಲೆಯೇ ಸುರಿಯುತ್ತಿದೆ. ಅವರಿಗೆ ಗೊತ್ತಾಗುತ್ತಿಲ್ಲ.

"ಉಸ್ತಾ..." ಕೆಳಗಿಂದ ಸಣ್ಣ ದನಿ. "ನಂಗೇನೂ ಆಗಿಲ್ಲ ಅನ್ಸತ್ತೆ."

ಚಾಸಿ ಸ್ಟೆಪ್ನಿಯ ಮೇಲೆ ಕೂತಿದೆ. ಚಾಸಿಗೂ ಫಿಕ್ರಿಯ ಎದೆಗೂ ನಡುವೆ ಎರಡು ಬೆರಳಷ್ಟು ಜಾಗ. ನಾಲ್ಕು ಜನ ಸೇರಿ ಅವನನ್ನು ಎಳೆದು ಹೊರತೆಗೆಯುತ್ತಾರೆ. ಮಿತ್ವಲ್ಲಿ ಬೈಯುವುದಿಲ್ಲ. ಅವನ ಭುಜ, ಎದೆ, ಪಕ್ಕೆ ಮುಟ್ಟಿ ನೋಡುತ್ತಾರೆ. "ಕಾಲು ಆಡಿಸು. ಇನ್ನೊಂದು." ಎರಡೂ ಆಡಿದ ಮೇಲೆ ಅವರೂ ಅವನ ಪಕ್ಕದಲ್ಲಿ ಕೂರುತ್ತಾರೆ. ಯಾರೋ ಅವರ ಕೈಗೆ ಚಹಾದ ಲೋಟ ಇಡುತ್ತಾರೆ. ಅವರು ಅದನ್ನು ಪಕ್ಕದ ಕಲ್ಲಿನ ಮೇಲಿಟ್ಟು ಮರೆಯುತ್ತಾರೆ.

ಈ ಮಾಡು ಮೊದಲು ಅವರ ಅಣ್ಣ ಬಿದೇರ್‌ನದು. ಕಸುಬು ಕಲಿಸಿದವನೂ ಅವನೇ. ಇಂಥದೇ ಚಕ್ರ, ಇಂಥದೇ ಅವಸರ. ಆಗ ಗಾಡಿಯ ಕೆಳಗೆ ಅಣ್ಣನಿದ್ದ, ಸ್ಟೆಪ್ನಿ ಇರಲಿಲ್ಲ.

"ಪಾನಾ ಹಿಡ್ಕೊಂಡು ಪಕ್ಕದಲ್ಲೇ ನಿಂತಿದ್ದೆ," ಎನ್ನುತ್ತಾರೆ. "ಮನೆಗೆ ಹೇಳೋಕೆ ನನ್ನನ್ನೇ ಕಳಿಸಿದ್ರು. ಅತ್ತಿಗೆ ಮೀನು ಕರೀತಾ ಇದ್ರು. ಹೇಳಿದೆ. ಅವರು ಕೇಳಿಸಿಕೊಂಡ್ರು. ಆಮೇಲೆ ಮೀನು ಮಗುಚಿ ಹಾಕಿ, 'ಅವ್ರು ಊಟಕ್ಕೆ ಎಷ್ಟೊತ್ತಿಗೆ ಬರ್ತಾರೆ?' ಅಂದ್ರು."

ಚಕ್ರ ಇನ್ನೂ ಬಿಟ್ಟಿಲ್ಲ. ಅವರು ಎದ್ದು ಜಾಕಿಯ ಕೆಳಗೆ ಹಲಗೆ ಕೊಟ್ಟು ಗಾಡಿ ಎತ್ತುತ್ತಾರೆ. ಸಂದಿಗೆ ಎಣ್ಣೆ ಬಿಟ್ಟು, ನಟ್ಟುಗಳನ್ನು ಬೆರಳಲ್ಲೇ ತಿರುಗಿಸಿ ಸಡಿಲವಾಗಿ ಕೂರಿಸುತ್ತಾರೆ. ಸ್ಟೆಪ್ನಿ ಎಳೆದು ಗಾಡಿಯನ್ನು ನೆಲಕ್ಕಿಳಿಸುತ್ತಾರೆ. ಫಿಕ್ರಿ ಕೀಲಿಯನ್ನು ಅವರ ಕೈಗೆ ಕೊಡುತ್ತಾನೆ. ಅವರೇ ಹತ್ತಿ ಒಂದು ಮಾರು ಮುಂದೆ ಓಡಿಸಿ ಬ್ರೇಕು ಒತ್ತುತ್ತಾರೆ. ಹಿಂದಕ್ಕೆ, ಮತ್ತೆ ಬ್ರೇಕು. ಟಕ್ ಎಂದು ತುಕ್ಕು ಬಿಡುತ್ತದೆ.

"ಒದೆಯೋದಲ್ಲ. ಗಾಡಿ ಭಾರಾನೇ ದುಡೀಬೇಕು. ನಟ್ಟು ಇದ್ರೆ ಚಕ್ರ ಎಲ್ಲಿಗೂ ಓಡಿಹೋಗಲ್ಲ."

ಗಾಡಿ ಮತ್ತೆ ಏರುತ್ತದೆ, ದಿಂಬು ಮತ್ತೆ ಕೆಳಗೆ ಹೋಗುತ್ತದೆ. ಬಿಚ್ಚಿದ ಚಕ್ರವನ್ನು ದಿಂಬಾಗಿ ಒಳಗೆ ತಳ್ಳಿದ ಮೇಲೆಯೇ, ಹಾಕಲೆಂದು ಸ್ಟೆಪ್ನಿಯನ್ನು ಹೊರಗೆಳೆಯುತ್ತಾರೆ. ಅದರ ರಬ್ಬರಿನ ಮೇಲೆ ಚಾಸಿ ಒತ್ತಿದ ಗೆರೆ ಇದೆ. ಈಗ ಯಾರೂ ನಗುತ್ತಿಲ್ಲ.

ನಟ್ಟು ಬಿಗಿದು ಮುಗಿಸುವ ಹೊತ್ತಿಗೆ ವ್ಯಾನಿನೊಳಗೆ ಫೋನು ಹೊಡೆದುಕೊಳ್ಳುತ್ತದೆ. ಫಿಕ್ರಿ ಅದನ್ನು ನೋಡುತ್ತಾನೆ, ಎತ್ತುವುದಿಲ್ಲ. ಮಿತ್ವಲ್ಲಿ ಕೈ ಒರೆಸಿಕೊಂಡು ಎತ್ತುತ್ತಾರೆ. ಆ ಕಡೆ ಫಿಕ್ರಿಯ ಹೆಂಡತಿ ರಾವಿಯಾ.

"ಯಾರು, ಉಸ್ತಾನಾ? ಅವ್ರು ಹರಾಜಿಗೇ ಬಂದಿಲ್ವಂತೆ. ಎಲ್ಲಿದಾರೆ?"

ಮಿತ್ವಲ್ಲಿ ತಿರುಗಿ ಫಿಕ್ರಿಯನ್ನು ನೋಡುತ್ತಾರೆ. "ಉಸ್ತಾ? ಇದೀರಾ?" ಎಂದು ಆಕೆ ಮತ್ತೆ ಕೇಳುತ್ತಾಳೆ.

"ಇಲ್ಲೇ ಇದಾನೆ ತಾಯಿ. ನನ್ನೆದುರಿಗೇ ಕೂತಿದಾನೆ. ಚಹಾ ಕುಡೀತಾ ಇದಾನೆ. ಊಟಕ್ಕೆ ಬರ್ತಾನೆ."

ಫೋನು ಇಟ್ಟು ನೋಡಿದರೆ ಫಿಕ್ರಿಯ ಕೈ ಬರಿದು. ಮಿತ್ವಲ್ಲಿ ಕಲ್ಲಿನ ಮೇಲೆ ಆರಿಹೋದ ತಮ್ಮ ಲೋಟ ತಂದು ಅವನ ಬೆರಳುಗಳನ್ನು ಅದರ ಸುತ್ತ ಮಡಚುತ್ತಾರೆ.

"ಕುಡಿ," ಎನ್ನುತ್ತಾರೆ. "ಹೆಣ್ಣುಮಗಳಿಗೆ ಮಾತು ಕೊಟ್ಟಿದೀನಿ. ಸುಳ್ಳಾಗಬಾರದು."