ದೂರಿಲ್ಲದ ಊರಿಗೆ ಎರಡನೇ ಡಾಕ್ಟರು

ನಮ್ಮೂರಿನ ಸರಕಾರಿ ಆಸ್ಪತ್ರೆಯ ಎದುರು ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಕಾರ್ಡುಗಳ ನಕಲು ತೆಗೆಯುವುದು, ಅರ್ಜಿ ಬರೆದುಕೊಡುವುದು, ಕನ್ನಡದ ಅರ್ಜಿಯನ್ನು ನಮ್ಮ ಸರಕಾರಕ್ಕೆ ತಿಳಿಯುವ ಮಲೆಯಾಳಕ್ಕೆ ತಿರುಗಿಸುವುದು ನನ್ನ ಕಸುಬು. ಬಂದವರು ಬೆನ್ನು ತಿರುಗಿಸಿದ ಮೇಲೆ ಅವರ ದನಿ ಮಾಡಿ ತೋರಿಸುವುದು ನನ್ನ ಚಟ. ಎರಡರಲ್ಲಿ ನಾನು ಹೆಚ್ಚು ನಿಯತ್ತಿನಿಂದ ಮಾಡುವುದು ಯಾವುದನ್ನು ಎಂದು ಊರಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನನ್ನ ಮಿಮಿಕ್ರಿ ಇಲ್ಲದೆ ಯುವಕ ಸಂಘದ ವಾರ್ಷಿಕೋತ್ಸವ ನಡೆಯುವುದಿಲ್ಲ ಎಂದು ನಾನೇ ಸುದ್ದಿ ಹಬ್ಬಿಸಿದ್ದೇನೆ. ಬದಿಯಡ್ಕದ ಸ್ಪರ್ಧೆಯಲ್ಲಿ ನಾಲ್ಕು ಜನ ಭಾಗವಹಿಸಿದ್ದರು, ನನಗೆ ನಾಲ್ಕನೆಯ ಸ್ಥಾನ ಬಂತು. ಆ ಸುದ್ದಿಯನ್ನು ಮಾತ್ರ ಬೇರೆಯವರು ಹಬ್ಬಿಸಿದರು.

ನನ್ನಂಥವನಿಗೆ ಆಸ್ಪತ್ರೆಯ ಎದುರಿಗಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ. ಕಾಯಿಲೆ ಇರುವವರು ಸುಮ್ಮನೆ ಕೂರುವುದಿಲ್ಲ, ಅದರಲ್ಲೂ ಸಾಲಿನಲ್ಲಿ ನಿಂತ ಕಾಯಿಲೆಯವರು. ರಟೈರಾದ ಬಸ್ ಕಂಡಕ್ಟರ್ ಅಜ್ಜ ಬಿ.ಪಿ. ಗುಳಿಗೆಗೆ ಬರುತ್ತಿದ್ದರು. ಜಿನಸಿ ಅಂಗಡಿಯ ಕಾಕ ಸಕ್ಕರೆ ಕಾಯಿಲೆಗೆ. ಇಬ್ಬರೂ ಒಳಗೆ ಸಿಗದ ಡಾಕ್ಟರನ್ನು ನನ್ನ ಅಂಗಡಿಯ ಬೆಂಚಿನಲ್ಲಿ ಕೂತು ಬೈದು, ಅರ್ಧ ಗುಣವಾಗಿ ಮನೆಗೆ ಹೋಗುತ್ತಿದ್ದರು.

ಬೈಯಲಿಕ್ಕೆ ಕಾರಣ ಇತ್ತು. ಆಸ್ಪತ್ರೆಗೆ ಹೊಸ ಬೋರ್ಡು ಬಂದಿತ್ತು, ಕುಟುಂಬ ಆರೋಗ್ಯ ಕೇಂದ್ರ ಎಂದು. ಗೋಡೆಗೆ ಹೊಸ ಬಣ್ಣ, ಅಂಗಳಕ್ಕೆ ಇಂಟರ್‌ಲಾಕ್. ರೋಗಿಗಳನ್ನು ನೋಡುವ ಓಪಿ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಎಂದು ಮೂರು ಭಾಷೆಯಲ್ಲಿ ಬರೆದಿತ್ತು. ಆದರೆ ಮೂರು ಭಾಷೆಗೂ ಇದ್ದದ್ದು ಒಬ್ಬರೇ ಡಾಕ್ಟರು. ದೂರದ ಕೊಲ್ಲಂ ಕಡೆಯವರು, ಪಾಪ, ಒಳ್ಳೆಯವರು. ಮಧ್ಯಾಹ್ನ ಒಂದು ಗಂಟೆಯಾಗುವಾಗ ಅವರ ಮುಖ ನೋಡಿದರೆ ಅವರಿಗೇ ಒಂದು ಚೀಟಿ ಮಾಡಿಸಬೇಕು ಅನ್ನಿಸುತ್ತಿತ್ತು. ಒಂದಕ್ಕೆ ಓಪಿ ಮುಚ್ಚಿ ಅವರು ಮೀಟಿಂಗು, ಕ್ಯಾಂಪು, ಶಾಲೆ ಎಂದು ಹೊರಡುತ್ತಿದ್ದರು. ಎರಡನೇ ಡಾಕ್ಟರೊಬ್ಬರು ಇದ್ದರು, ಹಾಜರಿ ಪುಸ್ತಕದಲ್ಲಿ. ಹುದ್ದೆ ನಮ್ಮಲ್ಲಿ, ಕೆಲಸ ತೆಂಕು ಜಿಲ್ಲೆಯ ಇನ್ನೊಂದು ಆಸ್ಪತ್ರೆಯಲ್ಲಿ. ಸರಕಾರಿ ಭಾಷೆಯಲ್ಲಿ ಇದಕ್ಕೆ ವರ್ಕಿಂಗ್ ಅರೇಂಜ್‌ಮೆಂಟ್ ಎನ್ನುತ್ತಾರೆ. ಕಂಡಕ್ಟರ್ ಅಜ್ಜನ ಭಾಷೆಯಲ್ಲಿ ಹೇಳಿದ್ದನ್ನು ಬರೆಯಲು ಬರುವುದಿಲ್ಲ.

ಇದೆಲ್ಲ ನನಗೆ ತಮಾಷೆಯ ಸರಕಾಗಿತ್ತು, ಅಮ್ಮನಿಗೆ ದಮ್ಮು ಜೋರಾಗುವವರೆಗೆ.

ಅಮ್ಮ ಮಡಿಲಲ್ಲಿ ಮೊರದಂಥ ತಡ್ಪೆ ಇಟ್ಟು ಬೀಡಿ ಕಟ್ಟಿಯೇ ನನ್ನನ್ನು ಓದಿಸಿದವಳು. ಹೊಗೆಸೊಪ್ಪಿನ ಹುಡಿ ವರ್ಷಗಟ್ಟಲೆ ಎದೆಗೆ ಇಳಿದು, ಈಗ ಸಂಜೆಯಾದರೆ ಉಸಿರು ಕಟ್ಟುತ್ತದೆ. ಮುಖಕ್ಕೆ ಮಾಸ್ಕ್ ಇಟ್ಟು ಮದ್ದಿನ ಹೊಗೆ ಕೊಡುವ ಯಂತ್ರವೊಂದಿದೆ. ಹತ್ತು ನಿಮಿಷ ಅದರ ಎದುರು ಕೂತರೆ ಅವಳು ಮತ್ತೆ ಮನುಷ್ಯಳಾಗುತ್ತಾಳೆ. ಯಂತ್ರ ನಮ್ಮ ಆಸ್ಪತ್ರೆಯಲ್ಲೇ ಇದೆ. ಒಂದು ದಿನ ಸಂಜೆ ನಾಲ್ಕೂವರೆಗೆ ಅವಳನ್ನು ಎತ್ತಿಕೊಂಡು ಬಂದಾಗ ಅದನ್ನು ನೋಡಿದೆ ಕೂಡ. ಕಿಟಕಿಯ ಸರಳುಗಳ ಆಚೆ, ಮೇಜಿನ ಮೇಲೆ, ಧೂಳು ಕೂರದ ಹಾಗೆ ಬಟ್ಟೆ ಹೊದ್ದು ಮಲಗಿತ್ತು. ಗ್ರಿಲ್ಲಿಗೆ ಬೀಗ. ಒಂದು ಜೀಪು ಹಿಡಿದು, ಗಡಿ ದಾಟಿ, ಮಂಗಳೂರಿಗೆ ಹೋದೆವು. ದಾರಿಯಿಡೀ ಅವಳ ಎದೆಯಿಂದ ಸಣ್ಣ ಸಿಳ್ಳಿನಂಥ ಶಬ್ದ ಬರುತ್ತಿತ್ತು. ತುಟಿ ನೀಲಿಯಾಗಿತ್ತು. ಅಲ್ಲಿಯ ಡಾಕ್ಟರು ಅವಳನ್ನು ಒಳಗೆ ಮಲಗಿಸಿ ಹೊರಗೆ ಬಂದು ನನಗೆ ಹೇಳಿದ್ದು ಇಷ್ಟೇ: "ಇನ್ನೊಂದು ಸಲ ಇಷ್ಟು ತಡ ಮಾಡಿದರೆ ಕಷ್ಟ. ಹತ್ತಿರ ಎಲ್ಲಾದರೂ ವ್ಯವಸ್ಥೆ ಮಾಡಿಕೊಳ್ಳಿ."

ಹತ್ತಿರ. ನಮ್ಮ ಮನೆಯಿಂದ ಆ ಯಂತ್ರಕ್ಕೆ ಐದು ನಿಮಿಷದ ದಾರಿ.

ಅದಾಗಿ ಸ್ವಲ್ಪ ದಿನಕ್ಕೆ ನಮ್ಮ ವಾರ್ಡ್ ಮೆಂಬರ್ ಅಕ್ಕ ಅಂಗಡಿಗೆ ಬಂದರು. ಒಂದು ನೋಟಿಸಿನ ನಕಲು ಬೇಕಿತ್ತು.

"ಗುರುವಾರ ಜಿಲ್ಲಾ ಆರೋಗ್ಯ ಆಫೀಸಿನಿಂದ ಮೇಡಂ ಬರ್ತಾರೆ. ಸಂಜೆ ಓಪಿ ಇಲ್ಲದ್ದಕ್ಕೆ ಇಲ್ಲಿ ಯಾರದ್ದೂ ದೂರಿಲ್ಲ ಅಂತ ಮೇಲೆ ರಿಪೋರ್ಟು ಹೋಗಿದೆಯಂತೆ. ಜನರ ಬಾಯಿಂದ ಕೇಳಿ ಬರೆದುಕೊಳ್ತಾರೆ. ಸಂಜೆ ಓಪಿ ಬೇಡ ಅಂತಾದರೆ ಆ ಎರಡನೇ ಡಾಕ್ಟರ ಹುದ್ದೆ ಅಲ್ಲಿಗೇ ಖಾಯಂ. ಮತ್ತೆ ನಮಗೆ ಬರುವುದು ಸುಳ್ಳು."

"ದೂರಿಲ್ವಾ? ಅಕ್ಕಾ, ಈ ಬೆಂಚಿಗೆ ಬಾಯಿ ಬರಬೇಕಿತ್ತು."

"ಬೆಂಚನ್ನು ಕರ್ಕೊಂಡು ಬರ್ಬೇಡ ಮಾರಾಯ, ಜನರನ್ನು ಕರ್ಕೊಂಡು ಬಾ."

ಕರೆದುಕೊಂಡು ಹೋಗುವುದು ಕಷ್ಟವಾಗಲಿಲ್ಲ. ಮೂರು ದಿನ ನನ್ನ ಅಂಗಡಿಯಲ್ಲಿ ರಿಹರ್ಸಲ್ಲೇ ನಡೆಯಿತು. ಕಂಡಕ್ಟರ್ ಅಜ್ಜ ಮೇಜು ಕುಟ್ಟಿದರು. ಕಾಕ ತಾನೊಬ್ಬನೇ ಸಾಕು, ಬೇರೆಯವರು ಬಂದು ಕೈತಟ್ಟಿದರೆ ಆಯಿತು ಎಂದರು. ನಾನಂತೂ ಮೇಡಮ್ಮಿನ ಗತಿ ಏನಾದೀತೋ ಎಂದು ಮರುಗಿದೆ.

ಗುರುವಾರ ಆಸ್ಪತ್ರೆಯ ಮಹಡಿಯ ಹಾಲ್ ಜನರಿಂದ ತುಂಬಿತು. ಮೇಡಂ ಬಂದರು. ಮಲೆಯಾಳದವರಾದರೂ ನಮ್ಮ ಕಡೆ ಕೆಲಸ ಮಾಡಿ ಕನ್ನಡ ಕಲಿತವರು. ಬಂದವರೇ ಎಲ್ಲರಿಗೂ ಕೈಮುಗಿದರು. ನಮ್ಮ ಸೋಲು ಅಲ್ಲೇ ಶುರುವಾಯಿತು. ಅಧಿಕಾರಿ ಗುರ್ರೆಂದಿದ್ದರೆ ನಮ್ಮವರೂ ಗುರ್ರೆನ್ನುತ್ತಿದ್ದರು. ಕೈಮುಗಿದವರ ಹತ್ತಿರ ದೂರು ಹೇಳುವುದು ಹೇಗೆ? ಸಾಲದ್ದಕ್ಕೆ, ನಮ್ಮ ಡಾಕ್ಟರು ಅವರ ಪಕ್ಕದಲ್ಲೇ ತಲೆ ತಗ್ಗಿಸಿ ಕೂತಿದ್ದರು. ಮನೆಗೆ ನೆಂಟರು ಬಂದಾಗ ಮನೆಯ ಮಗನ ಕುಂದು ತೆಗೆದ ಹಾಗಾಗುತ್ತದೆ ಎಂದು ಎಲ್ಲರಿಗೂ ಒಟ್ಟಿಗೇ ಅನ್ನಿಸಿರಬೇಕು. ಮೇಜು ಕುಟ್ಟಿದ ಕಂಡಕ್ಟರ್ ಅಜ್ಜ ಮೇಡಮ್ಮಿಗೆಂದು ಮನೆಯಿಂದಲೇ ಎಳನೀರು ಕೆತ್ತಿಸಿಕೊಂಡು ಬಂದಿದ್ದರು.

"ನಿಮಗೆ ಇಲ್ಲಿ ಏನಾದರೂ ಬುದ್ಧಿಮುಟ್ಟು ಉಂಟಾ?" ಎಂದು ಮೇಡಂ ಕೇಳಿದರು. ಮಲೆಯಾಳದಲ್ಲಿ ತೊಂದರೆಗೆ ಹಾಗನ್ನುತ್ತಾರೆ.

"ಎಂತದೂ ಇಲ್ಲ ಮೇಡಂ," ಎಂದರು ಅಜ್ಜ. "ಡಾಕ್ಟ್ರು ದೇವರಂಥವರು. ಎಳನೀರು ಕುಡೀರಿ."

"ಸಂಜೆ ಓಪಿ ಇಲ್ಲದೆ ಕಷ್ಟ ಆಗುವುದಿಲ್ವಾ?"

ಕಾಕ ಎದ್ದು ನಿಂತರು. ಟೊಪ್ಪಿ ಸರಿಮಾಡಿಕೊಂಡರು. ಈಗ ಗುಡುಗುತ್ತಾರೆ ಎಂದು ನಾನು ಕಾದೆ. "ನಾವು ಹೇಗೂ ಸುಧಾರಿಸ್ತೇವೆ ಮೇಡಂ," ಎಂದು ಕೂತರು.

ಮೇಡಂ ನನ್ನ ಪಕ್ಕ ಕೂತಿದ್ದ ಅಮ್ಮನ ಕಡೆ ತಿರುಗಿದರು. "ಅಮ್ಮಾ, ನಿಮಗೆ?"

"ನನಗೆಂತ," ಎಂದಳು ಅಮ್ಮ. "ಸ್ವಲ್ಪ ದಮ್ಮು. ಅದು ಬರ್ತದೆ, ಹೋಗ್ತದೆ."

ಬರುತ್ತದೆ, ಹೋಗುತ್ತದೆ. ಜೀಪಿನಲ್ಲಿ ಅದು ಹೋಗುವ ಮೊದಲು ಅವಳೇ ಹೊರಟಿದ್ದಳು. ಮೇಡಂ ಒಂದು ಗೆರೆ ಬರೆದು ಪೆನ್ನಿನ ಮುಚ್ಚಳ ಹಾಕಿದರು. ಕಡತ ಮುಚ್ಚಿದರು. ವಾರ್ಡ್ ಮೆಂಬರ್ ಅಕ್ಕ ನನ್ನನ್ನು ಎಂಥ ಕಣ್ಣಿನಿಂದ ನೋಡಿದರೆಂದರೆ, ನಾನು ಎದ್ದು ನಿಂತೆ.

"ಮೇಡಂ, ನಮಸ್ಕಾರ," ಎಂದೆ. ಅಲ್ಲಿಗೆ ನನ್ನ ಸ್ವಂತ ಮಾತುಗಳ ಸ್ಟಾಕು ಮುಗಿಯಿತು. ಇಡೀ ಊರಿನ ದನಿ ಮಾಡುವವನಿಗೆ ತನ್ನ ದನಿಯಲ್ಲಿ ಎರಡನೇ ವಾಕ್ಯ ಬರಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮಾತು ಕೈಕೊಟ್ಟಾಗ ಮನುಷ್ಯ ತನಗೆ ಬರುವುದನ್ನೇ ಮಾಡುತ್ತಾನಲ್ಲ. ನಾನು ಹೊಟ್ಟೆ ಮುಂದೆ ಮಾಡಿ, ಕಂಕುಳಲ್ಲಿ ಇಲ್ಲದ ಚೀಲ ಸಿಕ್ಕಿಸಿ, ಗಂಟಲಿನ ಬುಡದಿಂದ ಕಂಡಕ್ಟರ್ ಅಜ್ಜನನ್ನು ಹೊರಗೆ ತೆಗೆದೆ.

"ಎಂತ ಆಸ್ಪತ್ರೆ ಮಾರಾಯ ಇದು? ಎಂಟು ಗಂಟೆಗೆ ಬಂದವನಿಗೆ ಒಂದು ಗಂಟೆಗೆ ಹೇಳುವುದು, ನಾಳೆ ಬನ್ನಿ ಅಂತ. ನಾನು ನನ್ನ ಬಸ್ಸಿನಿಂದ ಜನರನ್ನು ಹೀಗೆ ನಡುದಾರಿಯಲ್ಲಿ ಇಳಿಸಿದ್ದರೆ ಅವತ್ತೇ ನನ್ನ ತಿಥಿ ಆಗ್ತಿತ್ತು."

ಮೇಡಂ ನನ್ನನ್ನು ನೋಡಿದರು, ಆಮೇಲೆ ದನಿಯ ಅಸಲಿ ಮಾಲಿಕನನ್ನು. ಅಜ್ಜನ ಮುಖ ಕೆಂಪಾಗಿತ್ತು. ನಿಲ್ಲಿಸಿದರೆ ಏಟು, ಮುಂದುವರಿಸಿದರೂ ಏಟು. ಮುಂದುವರಿಸಿದೆ. ಇಲ್ಲದ ಟೊಪ್ಪಿ ಸರಿಮಾಡಿಕೊಂಡು, ದನಿಯನ್ನು ಮೂಗಿಗೆ ತಂದು ಕಾಕ ಆದೆ.

"ಬೆಳಿಗ್ಗೆ ಇಲ್ಲಿ ನಿಂತರೆ ಅಂಗಡಿ ಯಾರು ನೋಡುವುದು, ಇವನಪ್ಪನಾ? ಸಕ್ಕರೆ ಮಾರುವವನಿಗೆ ಸಕ್ಕರೆ ಕಾಯಿಲೆ ತೋರಿಸ್ಲಿಕ್ಕೆ ಪುರ್ಸೊತ್ತಿಲ್ಲ. ಸಂಜೆ ಓಪಿ ಇದ್ದರೆ ಮಗ ಶಾಲೆಯಿಂದ ಬಂದ ಮೇಲೆ ಆರಾಮಲ್ಲಿ ಬಂದೇನು."

ಆಮೇಲೆ, ಯಾವ ಧೈರ್ಯವೋ ಗೊತ್ತಿಲ್ಲ, ಡಾಕ್ಟರೂ ಆದೆ. ಮಧ್ಯಾಹ್ನ ಒಂದು ಗಂಟೆಯ ಹೊತ್ತಿನ ಡಾಕ್ಟರು. ಕನ್ನಡಕ ತೆಗೆದು ಮೂಗಿನ ಮೇಲ್ಭಾಗ ಉಜ್ಜಿಕೊಳ್ಳುವುದು, ಬಾಗಿಲಿನ ಆಚೆಯ ಸಾಲನ್ನು ನೋಡಿ ಮತ್ತೆ ಕನ್ನಡಕ ಹಾಕುವುದು, ಆರಿದ ಚಹಾದ ಲೋಟ ಎತ್ತಿ ಕುಡಿಯದೆ ಕೆಳಗಿಡುವುದು. ಅದಕ್ಕೆ ಮಾತು ಬೇಕಾಗಲಿಲ್ಲ. ಡಾಕ್ಟರು ಮೊದಲ ಬಾರಿ ತಲೆ ಎತ್ತಿದರು.

ಕೊನೆಗೆ ಅಮ್ಮ. ಅವಳ ದನಿ ನಾನು ಯಾವತ್ತೂ ಮಾಡಿದವನಲ್ಲ. ಬೆನ್ನು ಬಾಗಿಸಿ, ಎದೆಗೆ ಕೈ ಒತ್ತಿ, ಜೀಪಿನಲ್ಲಿ ಕೇಳಿದ ಆ ಸಣ್ಣ ಸಿಳ್ಳನ್ನು ಎಳೆದೆ. "ನನಗೆ... ಎಂತದೂ..." ಎನ್ನುವಷ್ಟರಲ್ಲಿ ನನ್ನದೇ ಗಂಟಲು ಕಟ್ಟಿತು. ಅಭಿನಯ ಎಲ್ಲಿ ಮುಗಿಯಿತು ಎಂದು ನನಗೇ ತಿಳಿಯಲಿಲ್ಲ.

"ಸಾಕು," ಎಂದಳು ಅಮ್ಮ. ಎದ್ದು ನಿಂತಿದ್ದಳು. "ನನ್ನದನ್ನು ನಾನೇ ಹೇಳ್ತೇನೆ."

ಹೇಳಿದಳು. ತುಳುವಿನಲ್ಲಿ ಶುರುಮಾಡಿ, ಮೇಡಮ್ಮಿನ ಮುಖ ನೋಡಿ ಕನ್ನಡಕ್ಕೆ ತಿರುಗಿದಳು. ಗ್ರಿಲ್ಲಿನ ಬೀಗ, ಕಿಟಕಿಯಲ್ಲಿ ಕಂಡ ಯಂತ್ರ, ಮಂಗಳೂರಿನ ದಾರಿ. "ತಲಪಾಡಿಯ ಗಡಿ ದಾಟುವಾಗ ನಾನು ಇವನ ಮದುವೆ ನೋಡುವುದಿಲ್ಲ ಅಂತ ಎಣಿಸಿದೆ ಮೇಡಂ. ನನಗೆ ದೊಡ್ಡ ಆಸ್ಪತ್ರೆ ಬೇಡ. ಸಂಜೆ ಆ ಬೀಗ ತೆಗೀಲಿಕ್ಕೆ ಒಂದು ಜನ ಬೇಕು."

ಅವಳು ಕೂತದ್ದೇ ತಡ, ಕಂಡಕ್ಟರ್ ಅಜ್ಜ ಎದ್ದರು. ನನಗೆ ಹೊಡೆಯಲಿಕ್ಕೆ ಎಂದುಕೊಂಡೆ.

"ಮೇಡಂ, ಈ ಹುಡುಗ ಹೇಳಿದ್ದನ್ನು ಬರೀಬೇಡಿ. ಅರ್ಧವೂ ಹೇಳಲಿಲ್ಲ ಇವ. ನಾನು ಹೇಳಿದ್ದು ಇದಕ್ಕಿಂತ ಜೋರುಂಟು." ಮತ್ತೆ ಅಸಲಿ ದನಿಯಲ್ಲಿ, ಬರೆಯಲು ಬಾರದ ಪದಗಳನ್ನು ಮಾತ್ರ ಬಿಟ್ಟು, ಪೂರ್ತಿ ಹೇಳಿದರು. ಕಾಕ ತನಗೆ ಮೂಗಿನಲ್ಲಿ ಮಾತಾಡುವ ಅಭ್ಯಾಸವೇ ಇಲ್ಲ ಎಂದು ಮೂಗಿನಲ್ಲೇ ತಕರಾರು ತೆಗೆದು, ಆಮೇಲೆ ವಿಷಯಕ್ಕೆ ಬಂದರು. ಹಿಂದಿನ ಸಾಲಿನಿಂದ, ನಾನು ದನಿಯನ್ನೇ ಮಾಡದವರೂ ಎದ್ದರು. ತನ್ನ ದನಿಯನ್ನು ಯಾಕೆ ಬಿಟ್ಟದ್ದು ಎಂದು ಒಬ್ಬಾಕೆ ನನ್ನನ್ನು ಕೇಳಿದರು. ಮೇಡಂ ಕಡತ ಬಿಚ್ಚಿ ಬರೆದರು, ಹಾಳೆ ಮಗುಚಿ ಬರೆದರು. ಹಾಜರಿ ಪುಸ್ತಕ ತರಿಸಿ, ಎರಡನೇ ಡಾಕ್ಟರ ಖಾಲಿ ಸಾಲಿನ ಮೇಲೆ ಬೆರಳು ಎಳೆದು ನೋಡಿದರು.

"ಡಾಕ್ಟರೇ, ನೀವು ಯಾಕೆ ಹೇಳಲಿಲ್ಲ?"

"ನಾಲ್ಕು ಸಲ ಬರೆದಿದ್ದೇನೆ ಮೇಡಂ," ಎಂದರು ಡಾಕ್ಟರು ಮೆಲ್ಲಗೆ. ಆಮೇಲೆ ಮೆಟ್ಟಿಲಿಳಿಯುವಾಗ ನನ್ನ ಭುಜ ಹಿಡಿದು ಕೇಳಿದರು, "ನಾನು ಅಷ್ಟು ಸಲ ಮೂಗು ಉಜ್ಜುತ್ತೇನಾ?"

"ಇಲ್ಲ ಡಾಕ್ಟ್ರೇ, ನಾನು ಸ್ವಲ್ಪ ಕಡಿಮೆ ಮಾಡಿ ತೋರಿಸಿದ್ದು."

ಮಳೆ ಹಿಡಿಯುವ ಮೊದಲೇ ಆರ್ಡರು ಬಂತು. ಎರಡನೇ ಡಾಕ್ಟರು ಒಂದು ಸೋಮವಾರ ಹನ್ನೊಂದರ ಬಸ್ಸಿನಿಂದ ಇಳಿದರು. ಚಿಕ್ಕ ಪ್ರಾಯದವರು, ಕೈಯಲ್ಲಿ ಒಂದು ಮಗು, ಮುಖದಲ್ಲಿ ಮುಂದಿನ ಬಸ್ಸು ಎಷ್ಟು ಗಂಟೆಗೆ ಎಂಬ ಪ್ರಶ್ನೆ. ಮೊದಲ ಸಲ ಬಂದಾಗ ಇಲ್ಲಿ ಬಾಡಿಗೆಗೊಂದು ಕೋಣೆ ಸಿಗದೆ, ಮಗುವನ್ನು ನೋಡುವವರಿಲ್ಲದೆ ಅವರು ಆ ಅರೇಂಜ್‌ಮೆಂಟಿಗೆ ಅರ್ಜಿ ಹಾಕಿದ್ದೆಂದು, ಆರ್ಡರು ಬಂದ ದಿನ ನಮ್ಮ ಡಾಕ್ಟರು ಹೇಳಿ ತಿಳಿದಿತ್ತು. ನಾವು ಬೆಂಚಿನಲ್ಲಿ ಕೂತು ಅವರನ್ನು ಬೈದದ್ದಕ್ಕೆ ಲೆಕ್ಕವಿಲ್ಲ, ಅವರು ಯಾಕೆ ಹೋದರೆಂದು ಕೇಳಿದವರು ಒಬ್ಬರೂ ಇರಲಿಲ್ಲ. ಈ ಸಲ ಅಜ್ಜ ಅವರ ಚೀಲ ಕಿತ್ತುಕೊಂಡು, "ಮುಂದೆ ಹೋಗಿ, ಮುಂದೆ ಹೋಗಿ" ಎಂದು ದಾರಿ ಬಿಡಿಸಿದರು. ಕಾಕನ ಅಂಗಡಿಯ ಮೇಲಿನ ಮನೆ ಗುಡಿಸಿ ತಯಾರಾಗಿತ್ತು. ಮಗುವನ್ನು ಕಾಕನ ಮನೆಯಾಕೆ ಅವತ್ತೇ ಎತ್ತಿಕೊಂಡವರು, ಈಗ ಕೇಳಿದರೂ ಕೊಡುವುದಿಲ್ಲ.

ಸಂಜೆ ಓಪಿ ಶುರುವಾಗಿ ಎರಡನೇ ವಾರ, ಗಾಳಿ ಥಂಡಿಯಾದ ಒಂದು ದಿನ, ಅಮ್ಮನಿಗೆ ಐದು ಗಂಟೆಗೆ ದಮ್ಮು ಕಟ್ಟಿತು. ಈ ಸಲ ಜೀಪು ಹುಡುಕಲಿಲ್ಲ. ಅವಳ ತೋಳು ಹಿಡಿದು ನಡೆಸಿಕೊಂಡೇ ಹೋದೆ. ಗ್ರಿಲ್ಲು ತೆರೆದಿತ್ತು. ಬಾಗಿಲಲ್ಲಿ ಸಾಲು ನಿಂತವರು ನಮ್ಮನ್ನು ನೋಡಿ ಬದಿಗೆ ಸರಿದರು. ಸಿಸ್ಟರು ಮಾಸ್ಕ್ ಹಾಕಿದರು, ಯಂತ್ರ ಗುಂಯ್ ಎಂದಿತು. ನಾನು ಗೋಡೆಯ ಗಡಿಯಾರದ ಮುಳ್ಳನ್ನೇ ನೋಡುತ್ತ ನಿಂತೆ. ಸಿಳ್ಳು ಸಣ್ಣದಾಯಿತು, ಇನ್ನೂ ಸಣ್ಣದಾಯಿತು, ನಿಂತಿತು. ಅಮ್ಮ ಮಾಸ್ಕ್ ಸರಿಸಿದಳು. ಹೊಸ ಡಾಕ್ಟರು ಅವಳ ಬೆನ್ನಿಗೆ ಕೊಳವೆ ಇಟ್ಟು, ಕಲಿತ ನಾಲ್ಕಾರು ಕನ್ನಡ ಶಬ್ದಗಳಲ್ಲಿ, "ಅಮ್ಮಾ, ಸ್ವಲ್ಪ ಮಾತಾಡಿ" ಎಂದರು.

ಅಮ್ಮ ನನ್ನನ್ನು ನೋಡಿದಳು. ಆ ಗುರುವಾರದ ಸಭೆಯಿಂದ ಅವಳು ಇದಕ್ಕೇ ಕಾದಿದ್ದಳೆಂದು ಕಾಣುತ್ತದೆ.

"ಊರವರೆಲ್ಲ ಕೂತಿರುವಾಗ ಹೆತ್ತವಳ ದಮ್ಮನ್ನು ನಾಟಕ ಮಾಡಿ ತೋರಿಸ್ತಿಯಲ್ಲ, ನಿನಗೆ ಮಾನ ಉಂಟಾ ಮಗಾ, ಇಡೀ ದಿನ ಆ ಅಂಗಡಿಯಲ್ಲಿ ಕೂತು ಕಂಡವರ ಹಾಗೆ ಕೋಡಂಗಿ ಆಡುವುದು, ತಲೆಗೆ ಎಣ್ಣೆ ಇಲ್ಲ, ಹೊತ್ತಿಗೆ ಊಟ ಇಲ್ಲ, ನಿನ್ನ ಪ್ರಾಯದವರಿಗೆಲ್ಲ ಮಕ್ಕಳು ಶಾಲೆಗೆ ಹೋಗ್ತಾರೆ, ನಿನ್ನನ್ನು ಯಾವ ಹುಡುಗಿ ಒಪ್ಪುತ್ತಾಳೆ ಅಂತ ಎಣಿಸಿದ್ದಿ, ಒಪ್ಪಿದರೂ ಅವಳ ದನಿಯನ್ನೂ ನೀನು ಮಾಡ್ತಿ, ಎರಡೇ ದಿನದಲ್ಲಿ ತವರಿಗೆ ಓಡ್ತಾಳೆ..."

ಡಾಕ್ಟರು ಎಡಕ್ಕೆ ಕೇಳಿದರು, ಬಲಕ್ಕೆ ಕೇಳಿದರು. ಅಷ್ಟೂ ಹೊತ್ತು ಉಸಿರು ಸಾಲದೆ ಅಮ್ಮನ ಮಾತು ತುಂಡಾದದ್ದು ಒಂದು ಸಲವೂ ಇಲ್ಲ. ಸಾಲಿನಲ್ಲಿದ್ದವರು ಇಣುಕಿ ನೋಡುತ್ತಿದ್ದರು. ನಾನು ಹಲ್ಲು ಕಿರಿಯುತ್ತ ನಿಂತಿದ್ದೆ, ಕಣ್ಣೊರೆಸಿಕೊಳ್ಳಲು ಕೈ ಎತ್ತಿದರೆ ಅದಕ್ಕೂ ಬೈಗುಳ ಸಿಕ್ಕೀತೆಂದು ಸುಮ್ಮನಿದ್ದೆ.

ಡಾಕ್ಟರು ಕೊಳವೆ ತೆಗೆದು, "ಸಾಕು ಅಮ್ಮಾ, ಎಲ್ಲ ಸರಿ ಉಂಟು" ಎಂದರು.

"ತಡೆಯಿರಿ ಡಾಕ್ಟ್ರೇ," ಎಂದಳು ಅಮ್ಮ. "ನಾನಿನ್ನೂ ಮುಗಿಸಲಿಲ್ಲ."